ಅರ್ಧ ಚುಕ್ಕಿಗಳು

ಹನ್ನೆರಡು ಎಂಎಂ ಪ್ಲೇಟಿಗೆ ಕಿಲೋಗೆ ಅರವತ್ತೆರಡು ರೂಪಾಯಿ. ಹಾಳಾದ ನಾಲ್ಕು ತುಂಡು ಸೇರಿ ನೂರಾ ಎಪ್ಪತ್ತು ಕಿಲೋ. ಗುಜರಿ ಕೊಳ್ಳುವ ಭಂಗಾರಿನವನು ಮೂವತ್ತರ ಮೇಲೆ ಒಂದು ಪೈಸೆ ಕೊಡುವುದಿಲ್ಲ. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ತನ್ನ ಶೆಡ್ಡಿನಲ್ಲಿ ಶಶಿಕಾಂತ ಈ ಲೆಕ್ಕವನ್ನು ಚಾಕ್‌ಪೀಸಿನಿಂದ ಆ ಕಬ್ಬಿಣದ ಮೇಲೆಯೇ ಬರೆದು, ಪ್ಲೇಟು ಕೊಯ್ಯುವ ಗ್ಯಾಸ್ ಕಟರ್ ಕೈಲಾಸನ ಕಡೆ ತಿರುಗಿದ.

“ಹತ್ತು ಸೆಂಟಿ ಶಾರ್ಟ್! ಗೆರಿ ಬಿಟ್ಟು ಎಲ್ಲಿ ಕೊಯ್ದ್ಯೋ? ದಿವಾ ಲೋಕಲ್ ಟ್ರೇನ್‌ನ್ಯಾಗ ಮಾಡಿದ ನಿದ್ದಿ ಸಾಲಲಿಲ್ಲೇನು?”

“ಅದರಾಗ ನಿಂದ್ರಾಕ ಜಾಗಾ ಇಲ್ಲ ಶೇಠ್, ನಿದ್ದಿ ಎಲ್ಲಿಂದ ಬರ್ತದ? ನಾ ಗೆರಿ ಮ್ಯಾಲೇ ಹೋಗೇನಿ.”

“ಸಂಜಿಗೆ ಹಿಸಾಬ್ ತಗೊಂಡು ಹೋಗಿಬಿಡು, ನಾಳಿಂದ ಬರಬ್ಯಾಡ.”

ಪಕ್ಕದಲ್ಲಿದ್ದ ಮುರುಗೆಪ್ಪ ಗಂಟಲು ಸರಿಮಾಡಿಕೊಂಡ. “ಅಂಚು ಗ್ರೈಂಡ್ ಮಾಡಿಡ್ತೀನ್ರಿ. ಸಣ್ಣ ಆರ್ಡರಿಗೆ ಬರ್ತಾವ.”

ಗೆರೆ ಎಳೆದವನು ಮುರುಗೆಪ್ಪ. ಇಪ್ಪತ್ತಾರು ವರ್ಷದಿಂದ ಈ ಶೆಡ್ಡಿನ ಗೆರೆಯೆಲ್ಲ ಅವನದೇ. ಅಳತೆಪಟ್ಟಿಯ ತುದಿ ಸವೆದದ್ದರಿಂದ ಹತ್ತು ಸೆಂಟಿಯ ಗುರುತಿನಿಂದ ಅಳೆಯುವುದು ಅವನ ರೂಢಿ. ಕೊನೆಗೆ ಆ ಹತ್ತನ್ನು ಸೇರಿಸಿಕೊಳ್ಳಬೇಕು. ನಿನ್ನೆ ಸೇರಿಸಿರಲಿಲ್ಲ. ಕೊಯ್ಯುವಾಗ ಬೆಂಕಿ ಗೆರೆಯನ್ನು ತಿಂದುಹಾಕುತ್ತದೆ. ಆದರೆ ಗೆರೆಯುದ್ದಕ್ಕೂ ಅವನು ಪಂಚಿನ ಮೊನೆಯಿಂದ ಹೊಡೆದ ತಗ್ಗು ಚುಕ್ಕಿಗಳು ಅಂಚಿನಲ್ಲಿ ಅರ್ಧರ್ಧ ಉಳಿಯುತ್ತವೆ. ಅರ್ಧ ಚುಕ್ಕಿ ಇದೆಯೆಂದರೆ ಕಟರ್ ಗೆರೆ ಬಿಟ್ಟಿಲ್ಲವೆಂದೇ ಅರ್ಥ. ಬಂದು ಹದಿನೈದು ದಿನವಾದ ಕೈಲಾಸನಿಗೆ ಇದು ಗೊತ್ತಿರಲಿಲ್ಲ. ಅಪ್ಪನ ಗಾದಿಗೆ ಬಂದು ಕೂತ ಶಶಿಕಾಂತ ಅಂಚು ಮುಟ್ಟಿ ನೋಡುವವನಲ್ಲ.

ಐವತ್ತೇಳರ ಮುದುಕನನ್ನು ಇನ್ಯಾವ ಶೆಡ್ಡಿನವರು ಕರೆದಾರು? ಮುರುಗೆಪ್ಪ ಗ್ರೈಂಡರ್ ಹಚ್ಚಿದ. ಒಂದು ಚುಕ್ಕಿ ಹೋಯಿತು. ಎರಡು. ಮೂರು.

ಕೈಲಾಸ ಬಂದು ತನ್ನ ಕನ್ನಡಕ ಚಾಚಿದ. “ಹಾಕ್ಕೋರಿ ಕಾಕಾ, ಕಣ್ಣಾಗ ಕಿಡಿ ಬೀಳ್ತಾವ. ನನಗ ಇನ್ನ ಯಾಕ ಬೇಕು?”

ಮುರುಗೆಪ್ಪ ಮಷೀನು ಬಂದ್ ಮಾಡಿದ. ಶಶಿಕಾಂತನನ್ನು ಕರೆದು, ಅವನ ಹೆಬ್ಬೆರಳು ಹಿಡಿದು ಅಂಚಿನ ಮೇಲೆ ಎಳೆದ.

“ಬೆರಳಿಗೆ ಹತ್ತಿದ್ವಲ್ಲಾ? ನನ್ನ ಚುಕ್ಕಿ ಅವು. ಹುಡುಗ ಸರಿ ಕೊಯ್ದಾನ. ಅಳತಿ ತಪ್ಪಿದ್ದು ನಂದು.”

ಶಶಿಕಾಂತನ ಬೆರಳು ಮುಂದೆ ಸರಿದು, ಇನ್ನೂ ಬಿಸಿಯಿದ್ದ ನುಣುಪು ಜಾಗದಲ್ಲಿ ನಿಂತಿತು.

“ಇಲ್ಲ್ಯಾಕ ಇಲ್ಲ, ಕಾಕಾ?”

“ಅಲ್ಲಿವು... ನಾನಽ ಅಳಿಸೀನಿ.”

ಶಶಿಕಾಂತ ಕೈ ಒರೆಸಿಕೊಂಡು ಒಳಗೆ ಹೋದ.

ಸೋಮವಾರ ಹೊಸ ಅಳತೆಪಟ್ಟಿ ಬಂತು, ಸೊನ್ನೆಯಿಂದಲೇ ಅಳೆಯುವಂಥದ್ದು. ಗೆರೆ ಶಶಿಕಾಂತನೇ ಎಳೆದ. ಕೈಲಾಸನ ಕೆಲಸ ಉಳಿಯಿತು. ಮುರುಗೆಪ್ಪನಿಗೆ ಸ್ಟೋರಿನ ಬೀಗದಕೈ ಸಿಕ್ಕಿತು, ಪಗಾರವೂ ಅಷ್ಟೇ ಉಳಿಯಿತು, ಗೆರೆ ಹೋಯಿತು.