ಪುಷ್ಯದಲ್ಲಿ ತೋಡಿದ ಬಾವಿ

ಎಂಬತ್ತಮೂರನೆಯ ಇಸವಿಯಲ್ಲಿ ಪುಷ್ಯಮಾಸ ಬಂತು, ಚಳಿ ಬರಲಿಲ್ಲ. ಮೇಗುಂದದ ಕೆಳಗಿನ ಎಂಟು ಮನೆಗಳ ಕೇರಿಯಲ್ಲಿ ಬೆಳಗಿನ ಹೊತ್ತು ಒಲೆಯ ಮುಂದೆ ಕೈ ಕಾಯಿಸುವವರಿರಲಿಲ್ಲ, ಹುಲ್ಲಿನ ಮೇಲೆ ಇಬ್ಬನಿ ಇರಲಿಲ್ಲ, ಕಂಬಳಿಗಳು ಮಡಚಿದ್ದು ಮಡಚಿದಂತೆಯೇ ಇದ್ದವು. ಕೊಪ್ಪದ ಪೇಟೆಯವರಿಗೆ ಮಾತ್ರ ಭಾರಿ ಖುಷಿ. "ಈ ಸಲ ಎಂಥಾ ಹಿತ ಮಾರಾಯ್ರೆ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಹಲ್ಲು ಕಿರಿಯುತ್ತಿದ್ದರು. ಮನೆಯೊಳಗೆ ನಲ್ಲಿ ಇದ್ದವರಿಗೆ ಹಲ್ಲು ಕಿರಿಯಲು ಏನು ಕಷ್ಟ!

ತೋಟದ ಕೂಲಿಗೆ ಹೋಗುವ ಚಿಕ್ಕಕ್ಕನಿಗೆ ಈ ಹಿತ ಹಿಡಿಸಲಿಲ್ಲ. ಹಿಂಗಾರು ಪೂರ್ತಿ ಕೈಕೊಟ್ಟಿತ್ತು. ಕೇರಿಗೆ ಇದ್ದದ್ದು ಒಂದೇ ಬಾವಿ. ಶಿವರಾತ್ರಿ ಕಳೆದ ಮೇಲೆ ಬಾವಿಯ ಹಗ್ಗಕ್ಕೆ ಒಂದು ಮಾರು ಸೇರಿಸುವುದು ಅಲ್ಲಿಯ ವಾಡಿಕೆ. ಈ ಸಲ ಸಂಕ್ರಾಂತಿಗೇ ಸೇರಿಸಬೇಕಾಯಿತು.

ಅವಳ ಹೆದರಿಕೆಯೆಲ್ಲ ಸೊಸೆ ಗುಡ್ಡಮ್ಮನ ಬಗ್ಗೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಹೆಂಗಸರೆಲ್ಲ ಒಂದೂವರೆ ಮೈಲಿ ಇಳಿದು ಹೊಳೆಯಿಂದ ನೀರು ಹೊತ್ತಿದ್ದರು. ಏರು ಹತ್ತುವಾಗ ಗುಡ್ಡಮ್ಮ ಜಾರಿದಳು. ಕೊಡವೂ ಹೋಯಿತು, ಆರು ತಿಂಗಳ ಬಸಿರೂ ಹೋಯಿತು. ಈಗ ಅವಳಿಗೆ ಮತ್ತೆ ಐದು ತಿಂಗಳು. ಏನೇ ಆಗಲಿ, ಇವಳನ್ನು ಆ ಏರು ಹತ್ತಿಸುವುದಿಲ್ಲ ಎಂದು ಚಿಕ್ಕಕ್ಕ ಹಠ ಹಿಡಿದಳು. ಬಾವಿಯನ್ನು ಈಗಲೇ ಆಳ ಮಾಡಿಸಿಬಿಡಬೇಕು ಎಂದು ಬಾಳಗಡಿಗೆ ನಡೆದಳು.

ಅಲ್ಲಿ ಬಾವಿ ಕೆಲಸದ ಕಮಾಲುದ್ದೀನ್ ಸಾಬರ ಮನೆ. ಸುತ್ತಲಿನ ಬಾವಿಗಳ ತಳವೆಲ್ಲ ಅವರ ಅಂಗಾಲಿಗೆ ಗೊತ್ತು. ಅವಳ ಮಾತು ಕೇಳಿ ಅವರು ರೇಗಿಯೇಬಿಟ್ಟರು.

"ಪುಷ್ಯದಲ್ಲಿ ಬಾವಿ ತೋಡೋದಾ? ಎಂತ ಮಾತು ಅಂತ ಆಡ್ತಿ ಮಾರಾಯ್ತಿ! ಅದಕ್ಕೆ ಯುಗಾದಿ ಕಳೀಬೇಕು. ಆಗ ಸೂರ್ಯ ನೆತ್ತಿ ಮೇಲೆ ಬರ್ತಾನೆ, ಬಿಸಿಲು ತಳ ಮುಟ್ಟುತ್ತೆ. ನಿಮ್ಮ ಬಾವಿ ಅಡಿಯಲ್ಲಿ ಬಿಳಿ ಶೇಡಿ ಮಣ್ಣಿದೆ. ನೀರು ಹಿಡ್ಕೊಂಡಿರೋದೇ ಅದು. ಅದು ಕಂಡ ಕೂಡ್ಲೆ ಕೈ ನಿಲ್ಲಿಸ್ಬೇಕು, ತೂತಾದ್ರೆ ನೀರೆಲ್ಲ ಕೆಳಗೆ ಇಳಿದು ಹೋಗುತ್ತೆ. ಈಗ ಆ ಕತ್ತಲಲ್ಲಿ ನಂಗೆ ಕೆಂಪೂ ಒಂದೇ, ಬಿಳೀನೂ ಒಂದೇ."

"ಯುಗಾದಿಗೆ ನೀರು ಎಲ್ಲಿರ್ತದೆ ಸಾಬ್ರೇ? ಆಗ ಸೊಸೆಗೆ ಎಂಟು ತಿಂಗಳು."

ಸಾಬರು ಒಳಗೆ ಹೋದರು. ಚಿಕ್ಕಕ್ಕ ಜಗುಲಿ ಬಿಟ್ಟು ಏಳಲಿಲ್ಲ. ಅವರ ಹೆಂಡತಿ ಗುಲ್ಜಾರ್ ಬೇಗಂ ಚಹಾ ತಂದಿಟ್ಟರು, ಅದು ಆರಿ ಕೆನೆ ಕಟ್ಟಿತು. ಕೊನೆಗೆ ಬೇಗಂ ಅವರೇ ಗಂಡನಿಗೆ, "ಬಸುರಿ ಹೆಂಗಸಿನ ವಿಷಯ, ಒಂದ್ಸಲ ಹೋಗಿ ಬನ್ನಿ" ಎಂದರು. ಸಾಬರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಕೇರಿಯ ಗಂಡಸರು ಬೆಳಗಿನಿಂದ ಸೀಮೆಎಣ್ಣೆ ಡಬ್ಬಗಳಲ್ಲಿ ನೀರು ಎತ್ತಿ ಹಾಕಿದರು. ಪಾದ ಮುಳುಗುವಷ್ಟು ಉಳಿದಾಗ ಸಾಬರು ಪಿಕಾಸಿ ಹಿಡಿದು ಇಳಿದರು. ನಡುಮಧ್ಯಾಹ್ನವಾದರೂ ಬಿಸಿಲು ಅರ್ಧ ಗೋಡೆಗೇ ನಿಂತಿತು. ಲಾಟೀನು ಇಳಿಬಿಟ್ಟರೆ ಅದರ ಬೆಳಕಿಗೆ ಕೆಸರೆಲ್ಲ ಹಳದಿ. ಬುಟ್ಟಿಯ ಮೇಲೆ ಬುಟ್ಟಿ ಮಣ್ಣು ಮೇಲೆ ಬಂತು. ಎರಡು ಮೊಳ ಇಳಿದಿರಬೇಕು, ಪಿಕಾಸಿಯ ಸದ್ದು ನಿಂತಿತು.

"ಸಾಕು ಮಾಡಾಣ. ಕಾಲಿಗೆ ಎಂತದೋ ನುಣ್ಣಗೆ ಹತ್ತುತ್ತೆ."

ಚಿಕ್ಕಕ್ಕ ಬುಟ್ಟಿಯ ಮೇಲೆ ಬಗ್ಗಿದಳು. ಮಣ್ಣು ಕೆಂಪಾಗಿಯೇ ಇತ್ತು.

"ಇನ್ನೂ ಕೆಂಪೇ ಬರ್ತಾ ಉಂಟು ಸಾಬ್ರೇ. ಇನ್ನೊಂದು ಗೇಣು ಹೋಗಿ."

"ಸರಿಯಾಗಿ ನೋಡಿದ್ಯಾ?"

"ನನ್ನ ಕಣ್ಣಾಣೆ ಕೆಂಪು."

ಪಿಕಾಸಿ ಮತ್ತೆ ಬಿತ್ತು. ಮೂರನೆಯ ಪೆಟ್ಟಿಗೆ ಕೆಳಗಿನಿಂದ ಬೇರೆಯೇ ಸದ್ದು ಬಂತು, ಕೊಡದ ನೀರನ್ನು ಹಂಡೆಗೆ ಸುರಿದ ಹಾಗೆ. "ಯಾ ಅಲ್ಲಾ!" ಎಂದು ಸಾಬರು ಕೂಗಿದರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೂತಿಗೆ ತುರುಕಿದರು, ಕೆಸರು ಮೆತ್ತಿದರು, ಅದರ ಮೇಲೆ ತಾವೇ ಕುಳಿತರು. ಆದರೂ ನೀರು ನಿಲ್ಲಲಿಲ್ಲ. ಪಾದದ ಸುತ್ತ ಇದ್ದ ನೀರು ಎಲೆಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ನೆಲದೊಳಗೆ ಹೋಯಿತು. ಗೋಡೆಯ ಸಂದಿನಿಂದ ಜಿನುಗುತ್ತಿದ್ದ ಒರತೆಯೂ ಅದೇ ತೂತಿಗೆ ಹರಿಯತೊಡಗಿತು.

ಚಿಕ್ಕಕ್ಕ ಬುಟ್ಟಿಯಿಂದ ಒಂದು ಹೆಂಟೆ ತೆಗೆದು ಉಗುರಿನಿಂದ ಕೆರೆದಳು. ಮೇಲೆ ಕೆಂಪು ರಾಡಿ ಮೆತ್ತಿಕೊಂಡಿತ್ತು, ಒಳಗೆಲ್ಲ ಬಿಳಿ.

ಸಾಬರು ಹಗ್ಗ ಹಿಡಿದು ಮೇಲೆ ಬರುವಷ್ಟರಲ್ಲಿ ಕೇರಿಯ ಹಿರಿಯ ಜಟ್ಟಪ್ಪ ಬಾಯಿ ಬಿಟ್ಟಾಗಿತ್ತು. "ನಮ್ಮಜ್ಜನ ಕಾಲದ ಬಾವಿ. ಸಾಬ ಬಂದು ಕೆಡಿಸಿಟ್ಟ!" ಉಳಿದವರೂ ಅದನ್ನೇ ಹಿಡಿದರು. ಅಷ್ಟು ಹೊತ್ತು ಜೊತೆಯಲ್ಲಿ ಬುಟ್ಟಿ ಎಳೆದವರಿಗೆ ಆಗ ಒಬ್ಬ ಕಳ್ಳ ಬೇಕಾಗಿದ್ದ, ಹೊರಗಿನವನಾದರೆ ಇನ್ನೂ ಸಲೀಸು. ಸಾಬರು ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತಿದ್ದರು. ಚಿಕ್ಕಕ್ಕನ ಕಡೆ ತಲೆ ಎತ್ತಲಿಲ್ಲ. ಅವರು ಬೈದು ಅವಳ ಹೆಸರು ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಸುಮ್ಮನಿದ್ದುಬಿಡು ಎಂದು ಹೊಟ್ಟೆಯೊಳಗಿನಿಂದ ಯಾರೋ ಹೇಳುತ್ತಲೇ ಇದ್ದರು.

"ಅವ್ರು ನಿಲ್ಸಿದ್ರು" ಎಂದಳು. "ಇನ್ನೂ ಹೋಗಿ ಅಂದಿದ್ದು ನಾನು."

ಯಾರೂ ಅವಳನ್ನು ಬೈಯಲಿಲ್ಲ. ಜಟ್ಟಪ್ಪ ಪಕ್ಕಕ್ಕೆ ಉಗುಳಿ ಮನೆಗೆ ಹೋದ, ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಕಟ್ಟೆಯ ಬಳಿ ಅವಳೂ ಸಾಬರೂ ಮಾತ್ರ ಉಳಿದರು. "ಒರತೆ ಬೇರೆ ದಾರಿ ಹಿಡೀತು ಚಿಕ್ಕಕ್ಕ. ಇನ್ನು ಮಳೆಗಾಲ ಬಂದ್ರೂ ಇದು ತುಂಬೋದು ಡೌಟು" ಎಂದು ಹೇಳಿ ಅವರು ಪಿಕಾಸಿ ಹೆಗಲಿಗೇರಿಸಿದರು.

ಮರುದಿನದಿಂದಲೇ ಹೊಳೆಯ ದಾರಿ ಶುರುವಾಯಿತು. ಹೆಂಗಸರು ಮನೆಮನೆಯ ಮುಂದೆ ನಿಂತು ಕೂಗಿ ಜೊತೆಗೂಡಿಸಿಕೊಂಡು ಹೊರಟರು. ಚಿಕ್ಕಕ್ಕನ ಮನೆಯ ಮುಂದೆ ಯಾರೂ ನಿಲ್ಲಲಿಲ್ಲ. ಅವಳೊಬ್ಬಳೇ ಎರಡು ಸಲ ಹೋಗಿ ಬಂದಳು. ಮೂರನೆಯ ಸಲ ಹೊರಟಾಗ ಗುಡ್ಡಮ್ಮ ಸೊಂಟಕ್ಕೆ ಕೊಡ ಇಟ್ಟುಕೊಂಡು ಅಂಗಳದಲ್ಲಿದ್ದಳು.

"ನೀ ಬೇಡ ಮಗಾ. ಕೆಳಗಿಡು."

"ಎರಡು ಕೊಡದಲ್ಲಿ ಮನೆಯ ಐದು ಜನ ಎಂತ ಮಾಡೋದು ಅತ್ತೆ?"

ಚಿಕ್ಕಕ್ಕ ಕೊಡಕ್ಕೆ ಕೈ ಹಾಕಿದಳು. ಗುಡ್ಡಮ್ಮ ಬಿಡಲಿಲ್ಲ, ಮುಂದೆ ನಡೆದಳು. ಹೊಳೆಯಲ್ಲಿ ಇಬ್ಬರೂ ನೀರು ತುಂಬಿಕೊಂಡರು. ಏರಿನ ಬುಡಕ್ಕೆ ಬಂದಾಗ ಚಿಕ್ಕಕ್ಕನಿಗೆ ತಡೆಯಲಾಗಲಿಲ್ಲ. ತನ್ನ ಕೊಡವನ್ನು ಅಲ್ಲಿಯೇ ಇಳಿಸಿ, ಜಾರಿದರೆ ಹಿಡಿಯಲೆಂದು ಸೊಸೆಯ ಬೆನ್ನ ಹಿಂದೆ ಎರಡೂ ಕೈ ಚಾಚಿಕೊಂಡು ಒಂದೊಂದೇ ಹೆಜ್ಜೆ ಹತ್ತಿದಳು.

ಅರ್ಧ ಏರಿನಲ್ಲಿ ಅತ್ತೆಯ ಕೈ ಬೆನ್ನಿಗೆ ತಾಗಿದಾಗ ಗುಡ್ಡಮ್ಮ ನಿಂತಳು. ತಿರುಗಿ ನೋಡಲಿಲ್ಲ.

"ಹಿಂದಿಂದ ದೂಡ್ಬೇಡಿ ಅತ್ತೆ" ಎಂದಳು.