ಲೇಥಿನ ಮೇಲಿನ ಚೆಂಡುಹೂವು

ಪುಣೆ ಹತ್ತಿರದ ಭೋಸರಿಯ ವಾಲ್ವ್ ಕಾರ್ಖಾನೆಯನ್ನು ಪಂಪಿನ ಕಂಪನಿಯೊಂದರ ಜೊತೆ ವಿಲೀನ ಮಾಡಬಹುದೇ ಎಂದು ನೋಡಿ ಹೇಳಲು ಹರ್ಷಿತಾ ಬಂದಿದ್ದಳು. ಮಾಲೀಕ ಸಂಗಣ್ಣ ದೊಡ್ಡ ಲೇಥಿನ ಮುಂದೆ ನಿಂತು ಎದೆಯುಬ್ಬಿಸಿದರು.

"ಆರ್ಡರ್ ಭಾಳ ಅದಾವ್ರಿ ಮೇಡಂ. ಹಗಲೂ ರಾತ್ರಿ ಇದು ತಿರುಗತದ. ಇವತ್ತ ಗುರುವಾರ, ಈ ಕಡೆ ವಾರದ ಸುಟ್ಟಿ ಅಂತ ನಿಂತದ, ಅಷ್ಟ."

ದೀಪಾವಳಿಯೂ ಕಳೆದಿತ್ತು. ಲೇಥಿನ ತಿರುಗುವ ಚಕ್ರಕ್ಕೂ ಅಲುಗದ ಮೈಗೂ ಸೇರಿಸಿ ಕಟ್ಟಿದ್ದ ಚೆಂಡುಹೂವಿನ ಮಾಲೆ ಒಣಗಿ ಕಂದಾಗಿತ್ತು.

"ಇದು ಆಯುಧಪೂಜೆ ಹೂವಲ್ವಾ ಸರ್?"

"ಹೌದ್ರಿ! ಖಂಡೇನವಮಿ ದಿನ ನಾನ ಕಟ್ಟೇನಿ," ಎಂದರು ಸಂಗಣ್ಣ ಹೆಮ್ಮೆಯಿಂದ.

"ಆಮೇಲೆ ಮಷೀನ್ ತಿರುಗಿದ್ರೆ ಹರಿದೇ ಹೋಗ್ಬೇಕಿತ್ತಲ್ವಾ?"

ಸಂಗಣ್ಣ ಮಾಲೆಯನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು.

"ದಾರ ಭಾಳ ಗಟ್ಟಿ ಅದರಿ," ಎಂದರು.