ಭಾನುವಾರದ ನಾಟಕದಲ್ಲಿ ಅಪ್ಪ

ಟೈಲರಮ್ಮನಿಗೆ ಅಪ್ಪನ ಮುಖ ನೆನಪಿತ್ತು, ದನಿ ಮರೆತುಹೋಗಿತ್ತು. ಮುಖಕ್ಕೇನು, ಗೋಡೆಯ ಮೇಲೆ ಫೋಟೋ ಇದೆ. ದನಿಯನ್ನು ಯಾವ ಮೊಳೆಗೆ ನೇತುಹಾಕುವುದು? ಅವಳು ಚಿಕ್ಕವಳಿದ್ದಾಗಲೇ ಅಪ್ಪ ತೀರಿಹೋಗಿದ್ದರು. ಐವತ್ತು ದಾಟಿದ ಮೇಲೆ ಒಂದು ದಿನ, ಯಾರದೋ ಅಂಗಿಗೆ ತೋಳು ಕೂಡಿಸುತ್ತ ಕೂತಿದ್ದಾಗ, ಅಪ್ಪ ತನ್ನನ್ನು ಹೇಗೆ ಕರೆಯುತ್ತಿದ್ದರು ಎಂದು ನೆನೆಸಿಕೊಳ್ಳಲು ಹೋದಳು. ಏನೂ ಕೇಳಿಸಲಿಲ್ಲ. ಹೊಲಿಗೆ ಯಂತ್ರದ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು. ಆ ಅಂಗಿಗೆ ಎರಡೂ ಎಡತೋಳೇ ಆದವು.

ಒಂದೇ ಒಂದು ದಾರಿ ಉಳಿದಿತ್ತು. ಅಪ್ಪ ರೇಡಿಯೋ ನಾಟಕದವರು. ಭಾನುವಾರ ಮಧ್ಯಾಹ್ನ ಅವರು ನಿಲಯದಲ್ಲಿ, ಮಕ್ಕಳಿಬ್ಬರೂ ಮನೆಯಲ್ಲಿ ರೇಡಿಯೋಗೆ ಕಿವಿ ಅಂಟಿಸಿಕೊಂಡು. ಅಪ್ಪನೇ ರಾಜ ಎಂದು ಇವಳು, ಇಲ್ಲ, ಕಳ್ಳ ಎಂದು ಅಣ್ಣ. ನಾಟಕ ಮುಗಿಯುವಷ್ಟರಲ್ಲಿ ಜುಟ್ಟು ಜುಟ್ಟು ಹಿಡಿದಿರುತ್ತಿದ್ದರು. ಅಪ್ಪನನ್ನೇ ಕೇಳಿದರೆ, "ನಾನೆಲ್ಲಿದ್ದೆ ಅಂತ ನೀವೇ ಹುಡುಕಿ, ನೋಡೋಣ" ಎಂದು ನಗುವುದು. ಹೇಳಿಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತೋ ಕಾಣೆ. ಹೇಳದೆಯೇ ಹೋದರು.

ಟೈಲರಮ್ಮ ನಿಲಯಕ್ಕೆ ಎಡತಾಕಿದಳು. ಟೇಪುಗಳ ಉಗ್ರಾಣ ನೋಡಿಕೊಳ್ಳುವವನು ತಲೆ ಕೆರೆದುಕೊಂಡ.

"ಆಗ ಟೇಪು ಸಿಗ್ತಾ ಇರಲಿಲ್ಲ ತಾಯಿ. ಒಂದು ಪ್ರಸಾರ ಆದ್ಮೇಲೆ ಅದರ ಮೇಲೇ ಇನ್ನೊಂದು ತುಂಬೋದೇ ಪದ್ಧತಿ."

"ನಮ್ಮಪ್ಪನ ಮೇಲೆ ಏನು ತುಂಬಿದ್ರಿ?"

ಅವನು ಡಬ್ಬಿಯ ಮೇಲಿನ ಚೀಟಿ ನೋಡಿದ. "ಕೋಳಿಗಳಿಗೆ ಬರೋ ಕೆಮ್ಮು."

ಅವಳು ಬಿಡಲಿಲ್ಲ. ಕೆಮ್ಮಿನ ಸಂದಿಯಲ್ಲಿ ಎಲ್ಲಾದರೂ ಅಪ್ಪ ಉಳಿದಿರಬಹುದೆಂದು ಟೇಪನ್ನು ಪೂರ್ತಿ ಹಾಕಿಸಿ ಕೇಳಿದಳು. ಅಪ್ಪ ಸಿಗಲಿಲ್ಲ, ಕೋಳಿಗಳ ಗಂಟಲಿನ ಬಗ್ಗೆ ಮಾತ್ರ ಈಗ ಅವಳಿಗೆ ತಿಳಿಯದ್ದೇನೂ ಇಲ್ಲ. ಅವಳ ಮುಖ ನೋಡಲಾರದೆ ಉಗ್ರಾಣದವನು ಒಂದು ವಿಳಾಸ ಕೊಟ್ಟ. ನಾಟಕಗಳಲ್ಲಿ ಯಾವಾಗಲೂ ರಾಣಿಯಾಗುತ್ತಿದ್ದ ಹೆಂಗಸಿನದು. ಆಕೆಯ ಗಂಡ ಮನೆಯಲ್ಲಿ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹೆಂಡತಿಯ ನಾಟಕಗಳನ್ನು ಹಿಡಿದಿಡುತ್ತಿದ್ದನಂತೆ.

ಅಣ್ಣನೂ ಜೊತೆಗೆ ಹೊರಟ. ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಗಲೂ ಬಾಗಿಲಲ್ಲಿ ಯಾರಾದರೂ ನಿಂತರೆ "ಒಳಗೆ ನಡೀರಿ, ಒಳಗೆ ಜಾಗ ಇದೆ" ಎನ್ನದೆ ಇರಲಾರ. "ಸತ್ತೋರ ದನಿ ಹುಡುಕ್ತಾಳಂತೆ, ತಲೆ ಕೆಟ್ಟೋಳು" ಎಂದು ದಾರಿಯುದ್ದಕ್ಕೂ ಬೈದ. ಬಂದದ್ದು ಮಾತ್ರ ಅಪ್ಪ ಕಳ್ಳನೇ ಎಂದು ಸಾಬೀತು ಮಾಡಲು. ಸ್ವಂತ ಅಪ್ಪನನ್ನು ಕಳ್ಳನೆಂದು ತೋರಿಸಲು ಇಷ್ಟು ಹುರುಪಿನಿಂದ ಹೊರಟ ಮಗನನ್ನು ಲೋಕ ಕಂಡಿರಲಿಕ್ಕಿಲ್ಲ.

ರಾಣಿ ಈಗ ಎಂಬತ್ತರ ಮುದುಕಿ. ಇವರು ಯಾರ ಮಕ್ಕಳೆಂದು ತಿಳಿದದ್ದೇ ಆಕೆಯ ಮುಖ ಅರಳಿತು.

"ನಿಮ್ಮಪ್ಪನಾ? ಅವರು ಒಂದು ಮಾತೂ ಆಡಿದೋರಲ್ಲಪ್ಪ."

"ಮತ್ತೆ ನಾಟಕದಲ್ಲಿ ಇದ್ರಲ್ಲ?" ಎಂದಳು ಟೈಲರಮ್ಮ.

"ಇರದೆ ಏನು. ನಾವೆಲ್ಲ ಮೈಕಿನ ಮುಂದೆ ಕಾಗದ ಹಿಡಿದು ನಿಂತಲ್ಲೇ ನಿಂತಿರ್ತಿದ್ವಿ. ನಡೆಯೋದು, ಓಡೋದು, ಬಾಗಿಲು ಒದೆಯೋದು, ಆ ಸದ್ದೆಲ್ಲಾ ಅವರದೇ ಕೆಲಸ. ನಾನು ರಾಣಿಯಾಗಿದ್ದಷ್ಟು ಕಾಲ ನನ್ನ ಕಾಲು ನಿಮ್ಮಪ್ಪಂದೇ."

ಅಪ್ಪ ರಾಜನೂ ಅಲ್ಲ, ಕಳ್ಳನೂ ಅಲ್ಲ. ದನಿ ಎಲ್ಲೂ ಇರಲೇ ಇಲ್ಲ, ಇನ್ನು ಸಿಗುವುದೂ ಇಲ್ಲ.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದ ಅಣ್ಣ.

"ಬಂದದ್ದಕ್ಕೆ ಒಂದಿಷ್ಟು ಕೇಳ್ಕೊಂಡು ಹೋಗಿ" ಎಂದು ರಾಣಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ರಾಜ ಗರ್ಜಿಸಿದ, ಯಾರದೋ ದನಿ. ಕಳ್ಳ ನಕ್ಕ; ಅದೂ ಯಾರದೋ. ಅಣ್ಣ ಎದುರಿನ ಸ್ಟೂಲಿನ ಮೇಲೆ ಕಾಲು ಚಾಚಿ ಆಕಳಿಸಿದ. ಅಷ್ಟರಲ್ಲಿ ನಾಟಕದ ರಾಣಿ ಸೆರೆಯಿಂದ ತಪ್ಪಿಸಿಕೊಂಡು ಕೋಟೆಯ ಮೆಟ್ಟಿಲು ಹತ್ತತೊಡಗಿದಳು. ಬಲಗಾಲು ಗಟ್ಟಿಯಾಗಿ, ಎಡಗಾಲು ಒಂಚೂರು ಎಳೆದು.

ಟೈಲರಮ್ಮ ಬಾಗಿ ಕಿವಿಯನ್ನು ಹತ್ತಿರ ತಂದಳು. ಕೆಲಸ ಮುಗಿಸಿ ಮನೆಯ ಮೆಟ್ಟಿಲು ಹತ್ತುತ್ತಿದ್ದ ಅಪ್ಪನ ನಡಿಗೆ ಅದು. ಹಿಂದಿನಿಂದ ಸೈನಿಕ ಓಡಿ ಬಂದ. ಅವನದೂ ಅದೇ ಎಳೆಯುವ ಕಾಲು. ಅಪ್ಪ ಅಪ್ಪನನ್ನೇ ಅಟ್ಟಿಸಿಕೊಂಡು ಬರುತ್ತಿದ್ದರು. ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹೇಳೋಣವೆಂದು ಅಣ್ಣನ ಕಡೆ ತಿರುಗಿದಳು.

ಅಣ್ಣ ಯಾವಾಗಲೋ ಕಾಲು ಕೆಳಗಿಳಿಸಿದ್ದ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಮಂಡಿಯ ಮೇಲೆ ಎರಡೂ ಕೈ ಇಟ್ಟು, ಪಾಠ ಒಪ್ಪಿಸಲು ಕೂತ ಹುಡುಗನ ಹಾಗೆ ನೆಟ್ಟಗೆ ಕೂತಿದ್ದ.

"ಸಾಕಾ? ನಿಲ್ಲಿಸ್ಲಾ?" ರಾಣಿ ಕೇಳಿದರು.

"ಬೇಡ ಅಮ್ಮ," ಅಣ್ಣ ಬಾಗಿಲ ಕಡೆ ನೋಡುತ್ತ ಪಿಸುಗುಟ್ಟಿದ. "ಒಳಗೆ ಬಂದ್ಬಿಡ್ಲಿ."